ಅರ್ಧ ಟಿಕೇಟಿಗೂ ಒಂದು ಪೂರಾ ಜಾಕೇಟು

ಮುಂಬಯಿಯಲ್ಲಿ ಸಂಸಾರ ಹೂಡಿದ ಕನ್ನಡಿಗರಿಗೆ ಎರಡು ಕಾಲಗಳು ತಪ್ಪಿದ್ದಲ್ಲ. ಒಂದು ಮಳೆಗಾಲ, ಇನ್ನೊಂದು ನೆಂಟರ ಕಾಲ. ಮಳೆಗಾಲಕ್ಕಾದರೋ ಜೂನ್ ತಿಂಗಳೆಂಬ ಒಂದು ಗೊತ್ತು ಉಂಟು. ನೆಂಟರ ಕಾಲಕ್ಕೆ ಅದೂ ಇಲ್ಲ. ದೀಪಾವಳಿಯ ರಜೆಯಲ್ಲೋ, ನಾತಾಳದಲ್ಲೋ, ಮಕ್ಕಳ ಪರೀಕ್ಷೆ ಮುಗಿದ ಮೇಲೋ ಹುಬ್ಬಳ್ಳಿ, ಗದಗ, ರಾಣೇಬೆನ್ನೂರುಗಳಿಂದ ಫೋನು ಬರುತ್ತದೆ: “ಈ ಸಲ ಹುಡುಗರಿಗೆ ಸಮುದ್ರ ತೋರಸೂದದ.” ನಾವು ಡೊಂಬಿವಲಿಯಲ್ಲಿ ಮನೆ ಮಾಡಿ ಮೂವತ್ತೆಂಟು ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ನಾವು ಗಂಡಹೆಂಡಿರು ನೆಂಟರನ್ನು ಕಟ್ಟಿಕೊಂಡು ಘಾರಾಪುರಿಗೆ ಎಷ್ಟು ಸಲ ಹೋಗಿ ಬಂದಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ಅಲ್ಲಿಯ ತ್ರಿಮೂರ್ತಿಗೆ ಇಷ್ಟರಲ್ಲಿ ನಮ್ಮ ಗುರುತು ಹತ್ತಿರಬೇಕು.

ಬಯಲುಸೀಮೆಯಿಂದ ಬಂದವರಿಗೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತು ಸಮುದ್ರ ನೋಡಿದರೆ ಸಮಾಧಾನವಾಗುವುದಿಲ್ಲ. ಅದರ ಮೇಲೆ ಒಮ್ಮೆ ಹೋಗಿ ಬರಬೇಕು. ಗೇಟ್‌ವೇ ಆಫ್ ಇಂಡಿಯಾದ ಮೆಟ್ಟಿಲಿಳಿದು ಲಾಂಚು ಹತ್ತಿದರೆ ಘಾರಾಪುರಿಗೆ ಸುಮಾರು ಹತ್ತು ಕಿಲೋಮೀಟರು, ಒಂದು ತಾಸಿನ ದಾರಿ. ಗುಹೆಗಳ ಶಿಲ್ಪ ಎಷ್ಟೇ ದೊಡ್ಡದಿರಲಿ, ಊರಿಗೆ ಹೋದ ಮೇಲೆ ಹುಡುಗರು ವರ್ಣಿಸುವುದು ಲಾಂಚನ್ನೇ. ಚಳಿಗಾಲದಲ್ಲಾದರೆ ಬಿಳಿಯ ಕಡಲಹಕ್ಕಿಗಳು ಹಿಂಡುಹಿಂಡಾಗಿ ಬೆನ್ನು ಹತ್ತುತ್ತವೆ. ಯಾರೋ ಒಬ್ಬರು ಗಾಠಿಯಾ ಎಸೆಯುತ್ತಾರೆ; ಮರುಕ್ಷಣ ಲಾಂಚಿನ ಅರ್ಧ ಜನ ಆ ಒಂದೇ ಮಗ್ಗುಲಿಗೆ ಬಂದು ನಿಂತಿರುತ್ತಾರೆ. ಲಾಂಚು ಅತ್ತ ಕಡೆ ಒಂದಿಷ್ಟು ವಾಲುತ್ತದೆ. ಖಲಾಸಿ ಕೂಗಿ ಕೂಗಿ ಎಲ್ಲರನ್ನೂ ಕೂಡಿಸುವಷ್ಟರಲ್ಲಿ ದ್ವೀಪ ಬಂದಿರುತ್ತದೆ.

ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿ ಕಾರವಾರ, ಮಂಗಳೂರುಗಳ ಕಡೆಯಿಂದ ಈ ಊರಿಗೆ ಬಂದದ್ದೇ ಆಗಬೋಟಿನಲ್ಲಿ. ಅವರಿಗೆ ಸಮುದ್ರವೆಂದರೆ ದೇವರಿಗೆ ಕಾಯಿ ಹರಕೆ ಹೊತ್ತು ದಾಟಬೇಕಾದ ವಸ್ತು. ನಮಗೆ ಅದು ರವಿವಾರದ ವಿಹಾರ. ವಿಹಾರವೆಂದು ಹೊರಟವರಿಗೆ ಭಯವಿರುವುದಿಲ್ಲ. ಇರಬೇಕೆಂದು ನಾವೂ ಹೇಳುವುದಿಲ್ಲ. ಆದರೆ ಊರಿನಿಂದ ಬಂದ ಮಕ್ಕಳು ನಮ್ಮ ಮನೆಯಲ್ಲಿರುವಷ್ಟು ದಿನ ಬೇರೆಯವರು ಇಟ್ಟ ಠೇವಣಿಯಿದ್ದ ಹಾಗೆ. ಬಂದಂತೆಯೇ ರೈಲು ಹತ್ತಿಸಿ ಕಳಿಸಿಕೊಡುವತನಕ ನಮ್ಮ ಜೀವದಲ್ಲಿ ಜೀವವಿರುವುದಿಲ್ಲ.

ಲಾಂಚಿನಲ್ಲಿ ಕುಳಿತ ಮೇಲೆ ಒಂದು ತಾಸು ಬೇರೆ ಕೆಲಸವಿಲ್ಲವಷ್ಟೆ. ಆಗ ಸುತ್ತಮುತ್ತ ಕಣ್ಣಾಡಿಸುವುದು ನಮ್ಮ ಹಳೆಯ ಚಟ. ತಾಂಡೇಲನ ಚಕ್ರದ ಬಳಿ ದೇವರ ಪಟ, ಅದಕ್ಕೊಂದು ಚೆಂಡುಹೂವಿನ ಮಾಲೆ. ಅದರ ಪಕ್ಕದಲ್ಲಿ ಗಾಜು ಹಾಕಿದ ಇನ್ನೊಂದು ಚೌಕಟ್ಟಿನಲ್ಲಿ ಸರಕಾರಿ ಮೊಹರಿನ ಕಾಗದ. ಒಂದು ಲಾಂಚಿನಲ್ಲಂತೂ ದೇವರ ಮಾಲೆ ಉದ್ದವಾಗಿ, ಇಳಿದು ಆ ಕಾಗದದ ಮೇಲೂ ಬಿದ್ದಿತ್ತು. ಆ ಕಾಗದವೇ ಸರ್ವೇ ಪ್ರಮಾಣಪತ್ರ. ಈ ಹಡಗು ಎಲ್ಲಿಂದ ಎಲ್ಲಿಯವರೆಗೆ ಓಡಬಹುದು, ಎಷ್ಟು ಜನರನ್ನು ಹೊರಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಹಬೆಹಡಗುಗಳಿಗೆಂದು 1917ರಲ್ಲಿ ಆದ ಕಾಯಿದೆಯೇ ಇಂಥ ದೋಣಿಗಳನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಆಳಿತು. ಅದರ ಜಾಗಕ್ಕೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯಿದೆ ಬಂತು. ಯಂತ್ರದಿಂದ ಓಡುವ ದೋಣಿಯಲ್ಲಿ ಏನೇನಿರಬೇಕೆಂಬುದಕ್ಕೆ ಈ ಕಾಯಿದೆಯ ಕೈಕೆಳಗೆ ನಿಯಮಗಳಿವೆ. ಪ್ರಾಣರಕ್ಷಣೆಯ ಜಾಕೇಟು, ಹಗ್ಗ ಕಟ್ಟಿದ ತೇಲುಬಳೆ, ಬೆಂಕಿ ಆರಿಸುವ ಸಿಲಿಂಡರು, ತಳದಲ್ಲಿ ಕೂಡಿದ ನೀರನ್ನು ಹೊರಹಾಕುವ ಪಂಪು, ಎಡಕ್ಕೆ ಕೆಂಪು ಬಲಕ್ಕೆ ಹಸಿರು ದೀಪ, ಭೋಂಗಾ, ಸಂಕಟದ ಸೂಚನೆಗೆ ಸುಡುವ ಪಂಜು ಇತ್ಯಾದಿ. ಹಡಗಿನ ಗಾತ್ರ, ಓಡುವ ನೀರು ಇವುಗಳಿಗೆ ತಕ್ಕಂತೆ ಪಟ್ಟಿ ಹಿಗ್ಗುತ್ತದೆ, ಕುಗ್ಗುತ್ತದೆ.

ಪಟ್ಟಿಯಲ್ಲಿದ್ದದ್ದು ದೋಣಿಯಲ್ಲಿ ಇರುತ್ತದೆಯೇ ಎಂದರೆ, ಬಹುಮಟ್ಟಿಗೆ ಇರುತ್ತದೆ. ಹೇಗಿರುತ್ತದೆ ಎಂಬುದೇ ಪ್ರಶ್ನೆ. ತೇಲುಬಳೆಯನ್ನು ಕಂಡಿದ್ದೀರಲ್ಲ, ಕಿತ್ತಳೆ-ಬಿಳಿ ಬಣ್ಣದ್ದು, ಮೇಲೆ ದೋಣಿಯ ಹೆಸರು ಬರೆದಿರುತ್ತದೆ. ಅದರೆದುರು ನಿಂತು ಫೋಟೋ ತೆಗೆಸಿಕೊಳ್ಳದ ನೆಂಟರಿಲ್ಲ. ನೀರಿಗೆ ಬಿದ್ದವನ ಕಡೆಗೆ ಥಟ್ಟನೆ ಎಸೆಯುವುದಕ್ಕೆಂದು ಇರುವ ವಸ್ತು ಅದು. ಯಾರಾದರೂ ಕದ್ದಾರೆಂದು ನೈಲಾನು ಹಗ್ಗದಿಂದ ಏಳೆಂಟು ಗಂಟು ಹಾಕಿ ಅದನ್ನು ಕಂಬಕ್ಕೆ ಬಿಗಿದದ್ದನ್ನು ನಾವು ಕಂಡಿದ್ದೇವೆ. ಗಂಟು ಬಿಚ್ಚುವತನಕ ಬಿದ್ದವನು ಕಾಯಬೇಕು! ಜಾಕೇಟುಗಳದೂ ಇದೇ ಕತೆ. ಮೇಲೆ ಸೂರಿಗೆ ಬಲೆ ಕಟ್ಟಿ ತುರುಕಿಟ್ಟಿರುತ್ತಾರೆ, ಇಲ್ಲವೇ ಬೆಂಚಿನ ಕೆಳಗೆ ಮೂಟೆ ಕಟ್ಟಿರುತ್ತಾರೆ. ನಮ್ಮ ಜನ ಮೂಟೆಯಿಂದ ಒಂದನ್ನು ಎಳೆದುಕೊಂಡರೂ ಅದನ್ನು ಕುಂಡಿಯ ಕೆಳಗೆ ಮೆತ್ತೆಯಾಗಿ ಹಾಕಿಕೊಳ್ಳುತ್ತಾರೆ. ವರ್ಷಾನುಗಟ್ಟಲೆ ಕುಳಿತು ಕುಳಿತು ಒಳಗಿನ ಸ್ಪಂಜು ಹಪ್ಪಳವಾದ ಮೇಲೆ ಅದು ತೇಲಿಸುವುದಾದರೂ ಏನನ್ನು?

2024ರ ಡಿಸೆಂಬರ್ 18, ಬುಧವಾರ. ಗೇಟ್‌ವೇಯಿಂದ ಘಾರಾಪುರಿಗೆ ಹೊರಟ ‘ನೀಲಕಮಲ’ ಎಂಬ ಲಾಂಚಿಗೆ ಸಂಜೆ ನಾಲ್ಕರ ಸುಮಾರಿಗೆ ನೌಕಾಪಡೆಯ ಒಂದು ವೇಗದ ದೋಣಿ ಬಂದು ಅಪ್ಪಳಿಸಿತು. ಹೊಸ ಇಂಜಿನ್ನಿನ ಪರೀಕ್ಷೆ ನಡೆಸಿದ್ದ ದೋಣಿ, ಹಿಡಿತ ತಪ್ಪಿ ಬಂದದ್ದು. ಆ ದಿನ ಹದಿಮೂರು ಮಂದಿ ಸತ್ತರೆಂದು ಗೊತ್ತಾಯಿತು. ಕಡೆಗೆ ಲೆಕ್ಕ 15ಕ್ಕೆ ಮುಟ್ಟಿತು. ಕೊನೆಗೆ ದೊರೆತ ದೇಹ ಏಳು ವರ್ಷದ ಒಬ್ಬ ಹುಡುಗನದು. ಲಾಂಚಿಗೆ 84 ಪ್ರಯಾಣಿಕರ ಪರವಾನಗಿ ಇತ್ತು, ಮೇಲಿದ್ದವರು ನೂರಕ್ಕೂ ಹೆಚ್ಚು ಎಂದು ಆಮೇಲೆ ಪತ್ರಿಕೆಗಳಲ್ಲಿ ಓದಿದೆವು. ಓದಿ ಮರೆಯಲಾರದೆ ಹೋದದ್ದು ಇನ್ನೊಂದು ಸುದ್ದಿ. ಲಾಂಚು ಮುಳುಗತೊಡಗಿದಾಗ ಕೆಲವು ತಂದೆತಾಯಿಗಳು, ಮಕ್ಕಳಾದರೂ ಉಳಿಯಲಿ ಎಂದು ಅವರನ್ನು ನೀರಿಗೆ ಎಸೆಯಲು ಎತ್ತಿ ಹಿಡಿದಿದ್ದರಂತೆ. ಸಹಾಯಕ್ಕೆ ಬಂದ ಸಿ.ಐ.ಎಸ್.ಎಫ್. ಜವಾನರು, ಎಸೆಯಬೇಡಿ, ನಾವು ಬಂದಿದ್ದೇವೆ ಎಂದು ತಡೆದು ಒಬ್ಬೊಬ್ಬರನ್ನೇ ಇಳಿಸಿಕೊಂಡರಂತೆ. ನಾವು ಆ ರಾತ್ರಿ ಊಟಕ್ಕೆ ಕುಳಿತವರು ಹಾಗೆಯೇ ಎದ್ದೆವು. ನಮ್ಮ ಮನೆಯಲ್ಲಿ ಉಳಿದು ಅದೇ ದಾರಿಯಲ್ಲಿ ಹೋಗಿ ಬಂದ ಮಕ್ಕಳ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು.

ಮರುದಿನದಿಂದಲೇ ಗೇಟ್‌ವೇಯಲ್ಲಿ ಎಲ್ಲ ಪ್ರಯಾಣಿಕರೂ ಜಾಕೇಟು ಧರಿಸಲೇಬೇಕೆಂದು ಅಪ್ಪಣೆಯಾಯಿತು. ಅಪಘಾತವಾದ ಮೇಲೆ ನಿಯಮ ಬರುವುದು ನಮ್ಮ ದೇಶದ ಜಾಡ್ಯವೆಂದು ಬೈಯುವವರುಂಟು. ಇಡೀ ಜಗತ್ತೇ ಹಾಗೆ. ಟೈಟಾನಿಕ್ ಮುಳುಗಿದ್ದು 1912ರಲ್ಲಿ. ಕಡಲ ಮೇಲಿನ ಪ್ರಾಣರಕ್ಷಣೆಗೆ ರಾಷ್ಟ್ರಗಳೆಲ್ಲ ಸೇರಿ ಮೊದಲ ಒಪ್ಪಂದ ಮಾಡಿಕೊಂಡದ್ದು 1914ರಲ್ಲಿ. ನಮ್ಮ ಮುಂಬಯಿಯ ಬಾಗಿಲಲ್ಲೇ 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ಇನ್ನು ಒಂದು ತಿಂಗಳೂ ಉಳಿದಿರದಾಗ, ಭಾವುಚಾ ಧಕ್ಕೆಯಿಂದ ರೇವಸಿಗೆ ಹೊರಟ ‘ರಾಮದಾಸ’ ಹಡಗು ಮಳೆಗಾಳಿಗೆ ಸಿಕ್ಕು ಮಗುಚಿತು. ಸತ್ತವರು ಆರುನೂರಕ್ಕೂ ಮಿಕ್ಕಿ. ಕೊಂಕಣದ ಹಳಬರು ಈಗಲೂ ಆ ಹೆಸರೆತ್ತಿದರೆ ಕೈ ಮುಗಿಯುತ್ತಾರೆ. ತೆಕ್ಕಡಿಯ ಸರೋವರದಲ್ಲಿ 2009ರ ಸೆಪ್ಟೆಂಬರ್ 30ರಂದು 45 ಪ್ರವಾಸಿಗರು, ಕೇರಳದ ತಾನೂರಿನಲ್ಲಿ 2023ರ ಮೇ 7ರಂದು 22 ಜನ. ತಾನೂರಿನಲ್ಲಿ ಹೋದವರಲ್ಲಿ ಮಕ್ಕಳೇ ಹೆಚ್ಚು. ಅದು ಮೀನುಗಾರಿಕೆಯ ದೋಣಿಯನ್ನು ವಿಹಾರಕ್ಕೆಂದು ತಿದ್ದಿ ಮಾಡಿದ್ದು.

ಜಾಕೇಟಿನ ಗುಟ್ಟನ್ನು ತಿಳಿಯುವ ಹುಚ್ಚು ನಮಗೆ ಹಿಡಿದದ್ದು ಇದಾದ ಮೇಲೆಯೇ. ಮನುಷ್ಯನ ದೇಹ ನೀರಿನಲ್ಲಿ ಬಹುತೇಕ ತಾನಾಗಿಯೇ ತೇಲುತ್ತದೆ. ಮೂಗು ಬಾಯಿ ನೀರಿನ ಮೇಲಿರಬೇಕಾದರೆ ದೊಡ್ಡವರಿಗೆ ಮೂರರಿಂದ ಐದು ಕಿಲೋ ತೂಕದಷ್ಟು ಹೆಚ್ಚಿನ ಆಸರೆ ಸಾಕು. ಅಷ್ಟು ಅಲ್ಪ ಆಸರೆಯಿಲ್ಲದೆ ಜನ ಸಾಯುತ್ತಾರೆ. ಮೊದಲು ಜಾಕೇಟಿನೊಳಗೆ ಬೆಂಡು ಹೊಲಿಯುತ್ತಿದ್ದರು; ಆಮೇಲೆ ಬೂರುಗದ ಹತ್ತಿ, ನಮ್ಮಲ್ಲಿ ತಲೆದಿಂಬಿಗೆ ತುಂಬುತ್ತಿದ್ದರಲ್ಲ, ಅದೇ ಜಾತಿಯದು. ಈಗ ಪ್ಲಾಸ್ಟಿಕ್ ಸ್ಪಂಜು. ಒಳ್ಳೆಯ ಜಾಕೇಟಿನಲ್ಲಿ ಸ್ಪಂಜು ಎದೆಯ ಕಡೆಗೆ ಹೆಚ್ಚು, ಬೆನ್ನಿನ ಕಡೆಗೆ ಕಡಿಮೆ ಇರುತ್ತದೆ. ಏಕೆಂದರೆ ಮನುಷ್ಯ ಎಚ್ಚರ ತಪ್ಪಿ ಬೋರಲು ಬಿದ್ದರೂ ಅದು ಅವನನ್ನು ತಿರುಗಿಸಿ ಮುಖವನ್ನು ಆಕಾಶಕ್ಕೆ ಮಾಡಬೇಕು. ಹಡಗುಗಳ ಜಾಕೇಟಿಗೆ ಇದಕ್ಕೆ ಕೊಟ್ಟ ವೇಳೆ ಕೆಲವೇ ಸೆಕೆಂಡು. ಭುಜದ ಮೇಲೆ ಒಂದು ಸೀಟಿ ತೂಗುತ್ತಿರುತ್ತದೆ. ಕೂಗುವ ಗಂಟಲು ಬೇಗ ಸೋಲುತ್ತದೆ, ಸೀಟಿ ಸೋಲುವುದಿಲ್ಲ. ಬೆಳ್ಳಿಯ ಬಣ್ಣದ ಪಟ್ಟಿ ಹುಡುಕುವವರ ಟಾರ್ಚಿಗೆ ಮಿಂಚಲಿಕ್ಕೆ.

2025ರ ಸಂಕ್ರಾಂತಿಯ ಹೊತ್ತಿಗೆ ನಮ್ಮ ಓಣಿಯ ನಾಲ್ಕು ಕನ್ನಡ ಮನೆಯವರು ಕರ್ಜತ್ ಕಡೆಯ ಒಂದು ತೋಟದ ಮನೆಗೆ ಹೋಗಿದ್ದೆವು. ಅಲ್ಲಿ ಈಜುಕೊಳವಿತ್ತು, ಗೂಟಕ್ಕೆ ನಾಲ್ಕಾರು ಜಾಕೇಟು ತೂಗಿದ್ದವು. ಸರಿ, ಪ್ರಯೋಗವಾಗಿಯೇ ಬಿಡಲಿ ಎಂದು ಜಾಕೇಟಿಗೆ ತೋಳು ತೂರಿಸಿ, ಆದರೆ ಪಟ್ಟಿ ಬಿಗಿಯದೆ, ಲಾಂಚಿನಲ್ಲಿ ಜನ ಹಾಕಿಕೊಳ್ಳುವ ಹಾಗೆಯೇ ನೀರಿಗಿಳಿದೆವು. ಮೇಲೇಳುವ ಸ್ವಭಾವ ಜಾಕೇಟಿನದು, ಕೆಳಗಿಳಿಯುವ ಸ್ವಭಾವ ನಮ್ಮ ಸಂಸಾರಸ್ಥ ದೇಹದ್ದು. ಜಾಕೇಟು ಏರಿ ಎರಡೂ ಕಿವಿಗಳನ್ನು ಮುಚ್ಚಿತು. ಗದ್ದ, ಬಾಯಿ ಅದರೊಳಗೆ ಹೂತು ನೀರು ಮೂಗಿಗೇ ಬಂತು. ಎರಡೂ ಕೈಗಳಿಂದ ಅದನ್ನು ಕೆಳಗೆಳೆದು ಹಿಡಿಯುವುದೇ ಒಂದು ದುಡಿಮೆಯಾಯಿತು. ದಂಡೆಯ ಮೇಲೆ ಕುಳಿತವರು ನಕ್ಕೂ ನಕ್ಕೂ ಸುಸ್ತಾದರು. ಆಮೇಲೆ ಅದೇ ಜಾಕೇಟನ್ನು ಮೂರೂ ಪಟ್ಟಿ ಬಿಗಿದು ಹಾಕಿಕೊಂಡು ಇಳಿದಾಗ ಕೈ ಬಿಟ್ಟು ಮಲಗಿ ಹರಟೆ ಹೊಡೆಯುವಂತಾಯಿತು. ಒಂದೇ ಜಾಕೇಟು, ಒಂದೇ ನೀರು. ನಡುವೆ ಇದ್ದದ್ದು ಮೂರು ಪ್ಲಾಸ್ಟಿಕ್ ಕೊಂಡಿ. ವಿಹಾರದ ದೋಣಿಗಳು ಬಹಳವಿರುವ ಅಮೆರಿಕದಲ್ಲಿ ಅಲ್ಲಿಯ ಕೋಸ್ಟ್ ಗಾರ್ಡಿನವರು ವರ್ಷವರ್ಷವೂ ಲೆಕ್ಕ ತೆಗೆಯುತ್ತಾರೆ. ದೋಣಿ ಅಪಘಾತದಲ್ಲಿ ನೀರು ಕುಡಿದು ಸತ್ತವರಲ್ಲಿ ಐವರಿಗೆ ನಾಲ್ವರಿಗಿಂತ ಹೆಚ್ಚು ಮಂದಿ ಜಾಕೇಟು ಧರಿಸಿರುವುದೇ ಇಲ್ಲ.

ಇನ್ನು ಮಕ್ಕಳ ಜಾಕೇಟು. ನಮ್ಮ ಕಣ್ಣಲ್ಲಿ ಅತಿ ಮುಖ್ಯವಾದದ್ದೂ, ಧಕ್ಕೆಗಳಲ್ಲಿ ಅತಿ ದುರ್ಲಭವಾದದ್ದೂ ಇದೇ. ಜಾಕೇಟಿಗೆ ಅಳತೆ ವಯಸ್ಸಿನದಲ್ಲ, ತೂಕದ್ದು. ಹಡಗುಗಳ ನಿಯಮದ ಪ್ರಕಾರ 15 ಕಿಲೋದೊಳಗೆ ಕೂಸುಗಳದು, 15ರಿಂದ 43 ಕಿಲೋವರೆಗೆ ಮಕ್ಕಳದು, ಅದರ ಮೇಲೆ ದೊಡ್ಡವರದು. ಮಕ್ಕಳ ಜಾಕೇಟಿಗೆ ತೊಡೆಗಳ ನಡುವೆ ಹಾಯಿಸಿ ಕಟ್ಟುವ ಒಂದು ಪಟ್ಟಿ ಇರಬೇಕು. ಕೂಸಿನ ಲಂಗೋಟಿಯಿದ್ದ ಹಾಗೆ. ಅದಿಲ್ಲದಿದ್ದರೆ ಜಾಕೇಟು ಮೇಲೆ, ಮಗು ಕೆಳಗೆ.

2025ರ ದೀಪಾವಳಿಯ ರಜೆಯಲ್ಲಿ ಹುಬ್ಬಳ್ಳಿಯ ಅಕ್ಕ, ಭಾವ, ಅವರ ಮಗ, ಸೊಸೆ ಬಂದಿದ್ದರು. ಜೊತೆಗೆ ಇಬ್ಬರು ಮೊಮ್ಮಕ್ಕಳು. ಹುಡುಗನಿಗೆ ಒಂಬತ್ತು, ಹುಡುಗಿಗೆ ನಾಲ್ಕು ವರ್ಷ. ಗೇಟ್‌ವೇಯಲ್ಲಿ ಎಲ್ಲರಿಗೂ ಟಿಕೇಟು ತೆಗೆಸಿದವರು ಭಾವ. ನಮಗೆ ಕಿಸೆಗೆ ಕೈ ಹಾಕಗೊಡಲಿಲ್ಲ. ಮೊದಲ ಲಾಂಚಿನ ಮೆಟ್ಟಿಲ ಬಳಿ ಖಲಾಸಿ ಒಬ್ಬೊಬ್ಬರಿಗೂ ಜಾಕೇಟು ಎಸೆಯುತ್ತಿದ್ದ. ಮಕ್ಕಳದು ಎಲ್ಲಿ ಎಂದು ಕೇಳಿದೆವು. “ಛೋಟಾ ನಹೀ ಹೈ, ಯಹೀ ದೋ ಬಾರ್ ಲಪೇಟ್ ದೋ” ಎಂದ. ಚಿಕ್ಕದು ಇಲ್ಲ, ಇದನ್ನೇ ಎರಡು ಸುತ್ತು ಸುತ್ತಿಬಿಡಿ ಎಂದು. ಹಾಗಾದರೆ ನಾವು ಈ ಲಾಂಚಿಗೆ ಬರುವುದಿಲ್ಲ ಎಂದೆವು.

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಭಾವನವರ ಮುಖ ಕೆಂಪಾಯಿತು.

“ಏನ್ರೀ ನಿಮ್ದು ಹೊಸಾ ಶಾಸ್ತ್ರ? ಅರ್ಧ ಟಿಕೇಟಿನ ಹುಡುಗಿ. ತೊಡಿ ಮ್ಯಾಲೆ ಕೂಡಿಸ್ಕೋತೀನಿ. ಒಂದು ತಾಸಿಗೆ ಏನಾಗ್ತದ?”

ಓದುಗರೇ, ಭಾವ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮದುವೆಯಲ್ಲಿ ಓಡಾಡಿದವರು, ನಮ್ಮ ಮಕ್ಕಳ ಮುಂಜಿವೆಗೆ ರಜೆ ಹಾಕಿ ಬಂದವರು. ಅವರ ಮಾತನ್ನು ನಾಲ್ಕು ಜನರೆದುರು ತೆಗೆದುಹಾಕಿದರೆ ಅದು ಒಂದು ತಾಸಿಗೆ ಮುಗಿಯುವ ವ್ಯವಹಾರವಲ್ಲ. ವಾದ ಮಾಡುವ ಧೈರ್ಯ ನಮಗೂ ಇರಲಿಲ್ಲ. ಖಲಾಸಿಯ ಕೈಯಿಂದ ಜಾಕೇಟು ಇಸಿದುಕೊಂಡು ಹುಡುಗಿಗೆ ತೊಡಿಸಿದೆವು. ಪಟ್ಟಿಗಳನ್ನು ಎರಡು ಸುತ್ತು ಸುತ್ತಿ ಬಿಗಿದೆವು. “ಭಾವಾ, ಇದರ ಹೆಗಲು ಹಿಡಿದು ನೀವೇ ಒಂದಿಷ್ಟು ಮೇಲಕ್ಕೆ ಎತ್ತಿ ನೋಡ್ರಿ” ಎಂದೆವು. ಅವರು ಎತ್ತಿದರು. ಜಾಕೇಟು ಎದ್ದು ಬಂತು. ಹುಡುಗಿ ತೋಳು ಮೇಲಾಗಿ, ಅದರ ಕೆಳಗಿನಿಂದ ಜಾರಿ, ಅಲ್ಲಿಯೇ ನೆಲದ ಮೇಲೆ ನಿಂತು ಕಿಲಕಿಲ ನಕ್ಕಿತು. ಅದಕ್ಕೆ ಆಟವೆನಿಸಿ “ಅಜ್ಜಾ, ಇನ್ನೊಮ್ಮೆ!” ಎಂದಿತು. ಭಾವನವರ ಎರಡೂ ಕೈಗಳಲ್ಲಿ ಬರಿಯ ಜಾಕೇಟು ನೇತಾಡುತ್ತಿತ್ತು.

ಅವರು ಏನೂ ಮಾತಾಡಲಿಲ್ಲ. ಮಾತಾಡಿದ್ದು ಅಕ್ಕ, ಅದೂ ಮೆಲ್ಲಗೆ. “ಕೂರ್ಮಗಡದ್ದು ನೆನಪದ ಏನ್ರಿ?” 2019ರ ಜನವರಿ 21, ಪುಷ್ಯ ಹುಣ್ಣಿಮೆ. ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದಲ್ಲಿ ವರ್ಷಕ್ಕೊಮ್ಮೆ ನಡೆಯುವ ನರಸಿಂಹನ ಜಾತ್ರೆಗೆ ಹೋಗಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಹೋದರು. ಹಾವೇರಿ ಜಿಲ್ಲೆಯಿಂದ ಹೋದ ಯಾತ್ರಿಕರೂ ಅದರಲ್ಲಿದ್ದರು. ಹುಬ್ಬಳ್ಳಿಗೆ ಹಾವೇರಿ ಎಷ್ಟು ದೂರ? ಅಲ್ಲಿಯ ಮನೆಗಳಲ್ಲಿ ಆ ಸುದ್ದಿಯನ್ನು ಪತ್ರಿಕೆಯ ಸುದ್ದಿಯೆಂದು ಯಾರೂ ಓದಿರಲಿಲ್ಲ. ಸೊಸೆ ಮಗಳನ್ನು ಎತ್ತಿಕೊಂಡು ಸಾಲಿನಿಂದ ಈಚೆಗೆ ಬಂದು ನಿಂತಳು. ಭಾವನವರು ಜಾಕೇಟನ್ನು ಖಲಾಸಿಗೆ ಮರಳಿ ಕೊಟ್ಟು ತಾವೂ ಬಂದರು.

ಎರಡನೆಯ ಲಾಂಚಿನಲ್ಲಿ ಮಕ್ಕಳದು ಒಂದೇ ಇತ್ತು. ಇನ್ನೊಂದರ ಕೊಂಡಿ ಮುರಿದಿತ್ತು. ಒಂಬತ್ತು ವರ್ಷದವನು, ತನಗೆ ಬೇಡ, ತಂಗಿಗೆ ಹಾಕಿರಿ ಎಂದು ಗಂಡಸಿನಂತೆ ಹೇಳಿದ. ಅವನ ತೂಕ ಇಪ್ಪತ್ತೇಳು ಕಿಲೋ. ಅವನದೂ ಮಕ್ಕಳ ಅಳತೆಯೇ. ಬೇಡವೆಂದು ಆ ಲಾಂಚನ್ನೂ ಬಿಟ್ಟೆವು. ಬಿಸಿಲೇರಿತ್ತು. ಭಾವನವರು ಎಲ್ಲರಿಗೂ ಕಲಿಂಗಸಕ್ಕರೆ ಹಚ್ಚಿದ ಬರಫದ ಗೋಲಾ ಕೊಡಿಸಿದರು, ನಮಗೂ ಒಂದು. ಕೋಪ ಇಳಿದಿದೆ ಎಂದು ಅದರಿಂದ ತಿಳಿದುಕೊಂಡೆವು. ಮೂರನೆಯ ಲಾಂಚಿನ ಮುದಿ ತಾಂಡೇಲ ನಮ್ಮ ಮಾತು ಕೇಳಿ ಸಿಡುಕಲಿಲ್ಲ. ಬೆಂಚಿನ ಕೆಳಗಿಂದ ಒಂದು ಗೋಣಿಚೀಲ ಎಳೆದು ಎರಡು ಸಣ್ಣ ಜಾಕೇಟು ತೆಗೆದ. ತೊಡೆಯ ಪಟ್ಟಿಯೂ ಇತ್ತು, ಸೀಟಿಯೂ ಇತ್ತು. ಹುಡುಗಿಯ ಪಟ್ಟಿಯನ್ನು ತಾನೇ ಬಗ್ಗಿ ಬಿಗಿದು, ಹೆಗಲು ಹಿಡಿದು ಒಮ್ಮೆ ಎತ್ತಿ ನೋಡಿದ, ನಾವು ಹೇಳದೆಯೇ. ಈ ಸಲ ಹುಡುಗಿಯೂ ಜೊತೆಗೆ ಮೇಲೆದ್ದಳು. ಆ ಸೀಟಿಯ ದೆಸೆಯಿಂದ ಘಾರಾಪುರಿ ಬರುವತನಕ ಲಾಂಚಿನಲ್ಲಿ ಯಾರಿಗೂ ಮಾತು ಕೇಳಿಸಲಿಲ್ಲ ಎಂಬುದು ಬೇರೆ ಮಾತು. ತಡವಾದ್ದರಿಂದ ಗುಹೆಗೆ ಮುಕ್ಕಾಲು ತಾಸು ಕೂಡ ಸಿಗಲಿಲ್ಲ.

ಊರಿಗೆ ಹೊರಡುವ ದಿನ ಭಾವನವರು ನಮ್ಮ ಕೈಯಲ್ಲಿ ಒಂದು ಲಕೋಟೆ ಇಟ್ಟರು. ಹಬ್ಬದ ಆಹೇರವೆಂದು ತಿಳಿದು ಬೇಡವೆಂದೆವು. “ನಿಮಗಲ್ರಿ. ಎರಡು ಸಣ್ಣ ಜಾಕೇಟು ತಗೊಂಡು ಇಡ್ರಿ. ನಮ್ಮಂಥಾವ್ರು ಬರತಿರತಾರ” ಎಂದರು. ಅದಕ್ಕೆ ನಮ್ಮದೂ ಸ್ವಲ್ಪ ಸೇರಿಸಿ ಮಕ್ಕಳ ಅಳತೆಯ ಮೂರು ಜಾಕೇಟು ಕೊಂಡಿದ್ದೇವೆ. ತೊಡೆಯ ಪಟ್ಟಿ, ಸೀಟಿ, ತೂಕದ ಮುದ್ರೆ ಎಲ್ಲ ನೋಡಿಯೇ ಕೊಂಡದ್ದು. ನಮ್ಮ ಸಂಘದ ವಾಚನಾಲಯದಲ್ಲಿ, ದೀಪಾವಳಿ ವಿಶೇಷಾಂಕಗಳ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇವೆ. ನೆಂಟರು ಬಂದಾಗ ಸದಸ್ಯರು ವಹಿಯಲ್ಲಿ ಸಹಿ ಮಾಡಿ ಒಯ್ಯಬಹುದು, ಬಾಡಿಗೆ ಇಲ್ಲ. ಉಪ್ಪುನೀರು ತಾಗಿದ್ದರೆ ಸಿಹಿನೀರಿನಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಿ ತರಬೇಕು. ಇಸ್ತ್ರಿ ಮಾಡಬಾರದು, ಮೇಲೆ ಕೂಡಬಾರದು. ರವಿವಾರ ವಾಚನಾಲಯ ತೆರೆಯುವುದು ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಗೇಟ್‌ವೇ ಮುಟ್ಟಬೇಕೆನ್ನುವವರು ಶನಿವಾರ ಸಂಜೆಯೇ ಬಂದು ಒಯ್ಯತಕ್ಕದ್ದು.